ಹತ್ತನೇ ಕ್ಲಾಸ್ ಮುಗೀತು, ಇನ್ನು ನೋಟ್ಸ್ ಹೇಗೆ ಬರೆಯೋದು? ಪಿಯು ಸೇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯು ಸೈನ್ಸ್‌ಗೆ ಹೋಗಿ, ಮೊದಲ ಟೆಸ್ಟ್‌ನಲ್ಲಿ ಫಿಸಿಕ್ಸ್ ಫೇಲ್ ಆದವನು. ಈಗ ಅದೇ ಫಿಸಿಕ್ಸ್ ಪಾಠ ಮಾಡುತ್ತೇನೆ. ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಎಸ್‌ಎಸ್‌ಎಲ್‌ಸಿಯಲ್ಲಿ ನನಗೆ 90 ಪರ್ಸೆಂಟ್ ಬಂದಿದೆ. ಓದೋದು ಹೇಗೆ ಅಂತ ಈಗ ಹೊಸದಾಗಿ ಕಲಿಯಬೇಕಾ?

ಕಲಿಯಬೇಕು. ನಿಮ್ಮ ಬುದ್ಧಿ ಕಡಿಮೆ ಅಂತ ಅಲ್ಲ, ಆಟದ ನಿಯಮ ಬದಲಾಗಿದೆ ಅಂತ. ಹೈಸ್ಕೂಲಿನಲ್ಲಿ ಒಂದು ಪಾಠವನ್ನು ಮೇಷ್ಟ್ರು ವಿವರಿಸುತ್ತಿದ್ದರು, ಪ್ರಶ್ನೋತ್ತರ ಬರೆಸುತ್ತಿದ್ದರು, ಟೆಸ್ಟ್ ಕೊಡುತ್ತಿದ್ದರು, ಪರೀಕ್ಷೆಗೆ ಮೊದಲು ಇನ್ನೊಂದು ಸಲ ಮಾಡುತ್ತಿದ್ದರು. ಅಂದರೆ ನೀವು ಮರೆತರೂ ನೆನಪಿಸುವ ಕೆಲಸ ಅವರೇ ಮಾಡುತ್ತಿದ್ದರು. ಪಿಯುನಲ್ಲಿ ಒಂದು ಅಧ್ಯಾಯ ವಾರ, ಹತ್ತು ದಿನದಲ್ಲಿ ಮುಗಿದು ಹೋಗುತ್ತದೆ. ಲೆಕ್ಚರರ್ ಮತ್ತೆ ಆ ಕಡೆ ತಿರುಗಿ ನೋಡಲು ಪುರಸೊತ್ತು ಇರುವುದಿಲ್ಲ. ನೆನಪಿಸುವ ಆ ಕೆಲಸ ಈಗ ನಿಮ್ಮ ತಲೆ ಮೇಲೆ. ಮುಂದೆ ನಾನು ಹೇಳುವುದೆಲ್ಲ ಇದಕ್ಕೆ ಸಂಬಂಧಿಸಿದ್ದೇ.

ಲೆಕ್ಚರರ್ ತುಂಬಾ ಸ್ಪೀಡಾಗಿ ಹೇಳ್ತಾರೆ. ಅರ್ಧ ಬರೆಯುವಷ್ಟರಲ್ಲಿ ಮುಂದಕ್ಕೆ ಹೋಗಿರ್ತಾರೆ. ಏನು ಮಾಡಲಿ?

ಎಲ್ಲವನ್ನೂ ಬರೆಯುವ ಆಸೆ ಬಿಡಿ. ಪಾಠ ಮಾಡುವವರ ಬಾಯಿಂದ ನಿಮಿಷಕ್ಕೆ 100ಕ್ಕೂ ಜಾಸ್ತಿ ಪದ ಬರುತ್ತವೆ. ಕೈ ಬರೆಯುವುದು 20–30. ಈ ಓಟದಲ್ಲಿ ಗೆಲ್ಲುವವರಿಲ್ಲ.

ಬರೆಯಬೇಕಾದ್ದು ಮೂರೇ. ಬೋರ್ಡ್ ಮೇಲೆ ಬಿದ್ದ ಚಿತ್ರ ಮತ್ತು ಸೂತ್ರ. ಪುಸ್ತಕದಲ್ಲಿ ಇಲ್ಲದ ಉದಾಹರಣೆ. "ಯಾಕೆ" ಅನ್ನುವುದಕ್ಕೆ ಅವರು ಕೊಟ್ಟ ಉತ್ತರ. ಡೆಫಿನಿಷನ್ ಬಿಟ್ಟುಬಿಡಿ, ಪುಸ್ತಕದಲ್ಲಿ ಇದೆ, ಓಡಿಹೋಗಲ್ಲ. ಅರ್ಥವಾಗದೆ ತಪ್ಪಿಹೋದ ಕಡೆ ಎರಡು ಸಾಲು ಖಾಲಿ ಬಿಟ್ಟು ಒಂದು ಪ್ರಶ್ನೆಚಿಹ್ನೆ ಹಾಕಿ. ಆ ಖಾಲಿ ಜಾಗವನ್ನು ಅವತ್ತೇ ಸಂಜೆ ತುಂಬಿಸಬೇಕು. ಇಲ್ಲದಿದ್ದರೆ ಮಾರ್ಚ್‌ವರೆಗೂ ಅದು ಖಾಲಿಯೇ ಇರುತ್ತದೆ, ನನ್ನ ಪುಸ್ತಕದಲ್ಲಿ ಇದ್ದ ಹಾಗೆ.

ಸಣ್ಣ ಗುರುತುಗಳನ್ನೂ ಮಾಡಿಕೊಳ್ಳಿ. "ಆದ್ದರಿಂದ" ಅನ್ನುವುದಕ್ಕೆ ಮೂರು ಚುಕ್ಕೆ, "ಹೆಚ್ಚಾದರೆ" ಅನ್ನುವುದಕ್ಕೆ ಮೇಲ್ಮುಖ ಬಾಣ. ನಿಮಗೆ ಗೊತ್ತಾದರೆ ಸಾಕು, ಬೇರೆಯವರಿಗೆ ಅರ್ಥವಾಗಬೇಕು ಅಂತ ಏನೂ ಇಲ್ಲ.

ಕನ್ನಡ ಮಾಧ್ಯಮದಿಂದ ಬಂದಿದ್ದೇನೆ. ಕ್ಲಾಸಿನಲ್ಲಿ ಎಲ್ಲಾ ಇಂಗ್ಲಿಷ್. ಏನೂ ತಲೆಗೆ ಹೋಗ್ತಿಲ್ಲ.

ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ಯಾಕೆಂದರೆ ಸೈನ್ಸ್ ಬಿಟ್ಟು ಹೋಗುವ ಯೋಚನೆ ಜಾಸ್ತಿ ಜನಕ್ಕೆ ಬರುವುದು ಈ ಕಾರಣಕ್ಕೇ, ಅದೂ ಮೊದಲ ಎರಡು ತಿಂಗಳಲ್ಲಿ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಿಮಗೆ ಗೊತ್ತಿಲ್ಲದ್ದು ಹೆಸರು, ವಿಷಯ ಅಲ್ಲ. ಜವಕ್ಕೂ ವೇಗಕ್ಕೂ ವ್ಯತ್ಯಾಸ ಏನು ಅಂತ ಹೈಸ್ಕೂಲಿನಲ್ಲೇ ಓದಿದ್ದೀರಿ. ದಿಕ್ಕು ಸೇರಿದರೆ ವೇಗ, ಬರೀ ಎಷ್ಟು ಬೇಗ ಅಂತ ಹೇಳಿದರೆ ಜವ. ಪಿಯುನಲ್ಲಿ ಅವೇ ಸ್ಪೀಡ್ ಮತ್ತು ವೆಲಾಸಿಟಿ ಅಂತ ಬರುತ್ತವೆ. ವೇಗೋತ್ಕರ್ಷ ಅಂದರೆ ಆಕ್ಸಲರೇಷನ್. ಸಂವೇಗ ಅಂದರೆ ಮೊಮೆಂಟಮ್. ನಿಮ್ನ ದರ್ಪಣ ಕಾನ್‌ಕೇವ್ ಮಿರರ್ ಆಗುತ್ತದೆ, ಪೀನ ಮಸೂರ ಕಾನ್‌ವೆಕ್ಸ್ ಲೆನ್ಸ್. ಸಮಾಂತರ ಶ್ರೇಢಿ ಅರಿತ್ಮೆಟಿಕ್ ಪ್ರೋಗ್ರೆಷನ್. ಹಳೇ ಸ್ನೇಹಿತರು ಹೊಸ ಅಂಗಿ ಹಾಕಿಕೊಂಡು ಬಂದಿದ್ದಾರೆ, ಅಷ್ಟೇ.

ಹಾಗಾಗಿ ಒಂದು 100 ಪುಟದ ಸಣ್ಣ ನೋಟ್‌ಬುಕ್ ತಗೊಳ್ಳಿ. ಪುಟಕ್ಕೆ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಸ್ಪೆಲಿಂಗ್ ಸಮೇತ. ಎರಡನೆಯದರಲ್ಲಿ ಹತ್ತನೇ ಕ್ಲಾಸಿನ ಕನ್ನಡ ಪದ. ಮೂರನೆಯದರಲ್ಲಿ ನಿಮ್ಮದೇ ಮಾತಿನಲ್ಲಿ ಒಂದು ಸಾಲು. ದಿನಕ್ಕೆ ಎಂಟು ಹತ್ತು ಪದ ಸಾಕು. ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕವನ್ನು ಮಾತ್ರ ಯಾರಿಗೂ ಕೊಟ್ಟುಬಿಡಬೇಡಿ, ತೂಕಕ್ಕೂ ಹಾಕಬೇಡಿ. ಇನ್ನೊಂದು ವರ್ಷ ಅದೇ ನಿಮ್ಮ ಡಿಕ್ಷನರಿ.

ದೊಡ್ಡ ಪದಗಳನ್ನು ಕತ್ತರಿಸಿ ನೋಡುವ ಅಭ್ಯಾಸವೂ ಒಳ್ಳೆಯದು. ಫೋಟೋ ಅಂದರೆ ಬೆಳಕು, ಸಿಂಥೆಸಿಸ್ ಅಂದರೆ ಕೂಡಿಸಿ ಕಟ್ಟುವುದು. ನಮ್ಮ ದ್ಯುತಿಸಂಶ್ಲೇಷಣೆಯಲ್ಲೂ ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಕೂಡಿಸುವುದು. ಎರಡೂ ಒಂದೇ ಮಾತು. ಎಂಡೋ ಅಂದರೆ ಒಳಗೆ, ಎಕ್ಸೋ ಅಂದರೆ ಹೊರಗೆ, ಥರ್ಮ್ ಅಂದರೆ ಶಾಖ. ಇಷ್ಟು ಗೊತ್ತಿದ್ದರೆ ಎಂಡೋಥರ್ಮಿಕ್, ಎಕ್ಸೋಥರ್ಮಿಕ್ ಅನ್ನುವ ಪದಗಳನ್ನು ಉರು ಹೊಡೆಯುವ ಅಗತ್ಯವೇ ಇಲ್ಲ. ಶಾಖ ಒಳಗೆ ಹೋಯಿತೋ ಹೊರಗೆ ಬಂತೋ ಅಂತ ಹೆಸರೇ ಹೇಳುತ್ತದೆ.

ನೋಟ್ಸ್ ಯಾವ ಭಾಷೆಯಲ್ಲಿ ಬರೆಯಬೇಕು ಅಂತಲೂ ಕೇಳುತ್ತಾರೆ. ಎರಡನ್ನೂ ಬೆರೆಸಿ ಬರೆಯಿರಿ, ನಾಚಿಕೆ ಬೇಡ. ಪದ ಇಂಗ್ಲಿಷಿನದು, ವಿವರಣೆ ಕನ್ನಡದ್ದು. "ಟೆಂಪರೇಚರ್ ಜಾಸ್ತಿ ಆದ್ರೆ ರೆಸಿಸ್ಟೆನ್ಸ್ ಜಾಸ್ತಿ, ಲೋಹದಲ್ಲಿ ಮಾತ್ರ" ಅಂತ ಬರೆದರೆ ನಿಮಗೆ ಸಂಜೆಗೂ ಅರ್ಥವಾಗುತ್ತದೆ. ಪರೀಕ್ಷೆಗೆ ಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಆಮೇಲೆ, ಹಳೇ ಪ್ರಶ್ನೆಪತ್ರಿಕೆಗಳಿಗೆ ಉತ್ತರ ಬರೆದು ಬರೆದು ಕಲಿತರೆ ಆಯಿತು. ಅಂದ ಹಾಗೆ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಆದರೆ ಅರ್ಜಿ ತುಂಬುವಾಗಲೇ ಭಾಷೆ ಆರಿಸಿಕೊಳ್ಳಬೇಕು. ಎಷ್ಟೋ ಮಕ್ಕಳಿಗೆ ಇದು ತಡವಾಗಿ ತಿಳಿಯುತ್ತದೆ.

ಕಾರ್ನೆಲ್ ನೋಟ್ಸ್ ಅಂತಾರಲ್ಲ, ಅದೇನು?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ವಾಲ್ಟರ್ ಪೌಕ್ 1950ರ ದಶಕದಲ್ಲಿ ರೂಢಿಗೆ ತಂದ ಪದ್ಧತಿ. ಪುಟದ ಎಡಗಡೆ ಎರಡೂವರೆ ಇಂಚು ಬಿಟ್ಟು ಉದ್ದಕ್ಕೆ ಒಂದು ಗೆರೆ. ಕೆಳಗೆ ಎರಡು ಇಂಚು ಬಿಟ್ಟು ಅಡ್ಡ ಒಂದು ಗೆರೆ. ಕ್ಲಾಸಿನಲ್ಲಿ ಬರೆಯುವುದು ಬಲಗಡೆಯ ದೊಡ್ಡ ಜಾಗದಲ್ಲಿ ಮಾತ್ರ. ಎಡಗಡೆಯದ್ದನ್ನು ಮನೆಗೆ ಬಂದು ತುಂಬಿಸಬೇಕು. ಕೆಳಗೆ ಇಡೀ ಪುಟದ ಸಾರ, ಎರಡು ಮೂರು ಸಾಲು.

ಎಲ್ಲರೂ ಗೆರೆ ಎಳೆಯುತ್ತಾರೆ. ಎಡಗಡೆ ಏನು ಬರೆಯಬೇಕು ಅನ್ನುವಲ್ಲಿ ಎಡವುತ್ತಾರೆ. ಅಲ್ಲಿ "ಫ್ರಿಕ್ಷನ್" ಅಂತ ತಲೆಬರಹ ಬರೆದರೆ ಪ್ರಯೋಜನವಿಲ್ಲ. ಅಲ್ಲಿ ಇರಬೇಕಾದ್ದು ಪ್ರಶ್ನೆ. ಬಲಗಡೆ ನೀವು ಹೀಗೆ ಬರೆದುಕೊಂಡಿದ್ದೀರಿ ಅಂತಿಟ್ಟುಕೊಳ್ಳಿ: "ಸ್ಟ್ಯಾಟಿಕ್ ಫ್ರಿಕ್ಷನ್: ವಸ್ತು ಕದಲುವ ಮುಂಚೆ. ನಾವು ತಳ್ಳಿದಷ್ಟೂ ಅದೂ ಹೆಚ್ಚುತ್ತೆ, ಒಂದು ಮಿತಿವರೆಗೆ. ಕೈನೆಟಿಕ್: ಜಾರಲು ಶುರುವಾದ ಮೇಲೆ. ಸಾಮಾನ್ಯವಾಗಿ ಆ ಮಿತಿಗಿಂತ ಕಡಿಮೆ." ಇದಕ್ಕೆ ಎಡಗಡೆಯಲ್ಲಿ: "ಮನೆ ಬೀರು ಸರಿಸುವಾಗ ಮೊದಲು ಕದಲಿಸೋದು ಕಷ್ಟ, ಕದಲಿದ ಮೇಲೆ ಸುಲಭ. ಯಾಕೆ?"

ಈಗ ಬಲಗಡೆಯನ್ನು ಒಂದು ಹಾಳೆಯಿಂದ ಮುಚ್ಚಿ. ಎಡಗಡೆಯ ಪ್ರಶ್ನೆ ನೋಡಿ ಉತ್ತರ ಹೇಳಿ. ಬಾಯಿ ಬಿಟ್ಟು ಹೇಳಿ, ಮನಸ್ಸಿನಲ್ಲೇ "ಹಾಂ, ಗೊತ್ತು" ಅಂದುಕೊಂಡರೆ ಲೆಕ್ಕಕ್ಕಿಲ್ಲ. ಈ ಮುಚ್ಚಿ ಹೇಳುವ ಕೆಲಸ ಮಾಡದಿದ್ದರೆ ಕಾರ್ನೆಲ್ ನೋಟ್ಸ್ ಬರೀ ಮಾರ್ಜಿನ್ ದೊಡ್ಡದಿರುವ ನೋಟ್ಸ್.

ಓದಿದ್ದು ಮಾರನೇ ದಿನಕ್ಕೆ ಮರೆತು ಹೋಗುತ್ತೆ. ನನ್ನ ನೆನಪಿನ ಶಕ್ತಿ ಕಮ್ಮಿನಾ?

ಅಲ್ಲ. ಎಲ್ಲರಿಗೂ ಹಾಗೇ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಲೆಕ್ಕ ಇಟ್ಟ. 1885ರಲ್ಲಿ ಪ್ರಕಟಿಸಿದ. ಒಂದು ದಿನ ಕಳೆಯುವಷ್ಟರಲ್ಲಿ ಉಳಿದದ್ದು ಸುಮಾರು ಮೂರನೇ ಒಂದು ಭಾಗ. ಆದರೆ ತಿಂಗಳು ಕಳೆದ ಮೇಲೂ ಐದನೇ ಒಂದು ಭಾಗದಷ್ಟು ಉಳಿದಿತ್ತು. ಅಂದರೆ ಮರೆವು ಮೊದಲ ದಿನವೇ ಬಾಚಿಕೊಂಡು ಹೋಗುತ್ತದೆ, ಆಮೇಲೆ ಸುಸ್ತಾಗುತ್ತದೆ. ಅರ್ಥವಿರುವ ಪಾಠ ಇಷ್ಟು ಬೇಗ ಹೋಗುವುದಿಲ್ಲ, ಆದರೆ ದಾರಿ ಅದೇ.

ಅದಕ್ಕೇ ಅವತ್ತಿನ ಪಾಠವನ್ನು ಅವತ್ತೇ ಒಂದು ಸಲ ಮುಚ್ಚಿ ನೆನಪಿಸಿಕೊಳ್ಳಿ ಅನ್ನುವುದು. ಒಂದು ವಿಷಯಕ್ಕೆ ಹತ್ತು ನಿಮಿಷ ಸಾಕು. ಆಮೇಲೆ ಮೂರನೇ ದಿನ, ಮುಂದಿನ ವಾರ, ಮುಂದಿನ ತಿಂಗಳು. ಪ್ರತಿ ಸಲವೂ ಹಿಂದಿನದಕ್ಕಿಂತ ಕಡಿಮೆ ಹೊತ್ತು ಹಿಡಿಯುತ್ತದೆ.

ಇದಕ್ಕೆ ಚೀಟಿಗಳು ಚೆನ್ನಾಗಿ ಒಗ್ಗುತ್ತವೆ. ಅಂಗಡಿಯಿಂದ ಫ್ಲ್ಯಾಶ್ ಕಾರ್ಡ್ ತರುವುದು ಬೇಡ. ಮನೆಯಲ್ಲಿ ಹಳೇ ಮದುವೆ ಕರೆಯೋಲೆಗಳು ಬಿದ್ದಿರುತ್ತವಲ್ಲ, ಅವನ್ನು ಕತ್ತರಿಸಿ. ಗಟ್ಟಿ ಕಾಗದ, ಹಿಂಬದಿ ಖಾಲಿ. ಎರಡು ಚೂರು ಅಂಟಿಸಿದರೆ ಎರಡೂ ಕಡೆ ಬರೆಯಬಹುದು, ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಮೂರು ಖಾಲಿ ಸ್ವೀಟ್ ಡಬ್ಬ ಇಟ್ಟುಕೊಳ್ಳಿ. ಮೊದಲ ಡಬ್ಬದ್ದನ್ನು ದಿನಾ ನೋಡುವುದು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಕ್ಕೆ, ತಪ್ಪಿದ್ದು ವಾಪಸ್ ಮೊದಲನೆಯದಕ್ಕೆ. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಈ ಪೆಟ್ಟಿಗೆ ಉಪಾಯ ಹೇಳಿದ. ಕರೆಯೋಲೆ ಮತ್ತು ಸ್ವೀಟ್ ಡಬ್ಬ ಮಾತ್ರ ನಮ್ಮದು.

ಮೂರು ನಾಲ್ಕು ಸಲ ಓದ್ತೀನಿ. ಓದುವಾಗ ಎಲ್ಲಾ ಗೊತ್ತು ಅನ್ಸುತ್ತೆ. ಪರೀಕ್ಷೆಯಲ್ಲಿ ಬರಲ್ಲ.

ದಿನಾ ಬಸ್‌ಸ್ಟಾಂಡಿನಲ್ಲಿ ನೋಡುವ ಮುಖ ಪರಿಚಯ ಇರುತ್ತದೆ. ಹೆಸರು ಕೇಳಿದರೆ ಗೊತ್ತಿರುವುದಿಲ್ಲ. ಮತ್ತೆ ಮತ್ತೆ ಓದುವುದು ಹಾಗೇ, ಪುಟದ ಮುಖಪರಿಚಯ ಆಗುತ್ತದೆ ಅಷ್ಟೇ.

2006ರಲ್ಲಿ ರೋಡಿಗರ್, ಕಾರ್ಪಿಕಿ ಅನ್ನುವ ಇಬ್ಬರು ಅಮೆರಿಕದ ಸಂಶೋಧಕರು ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಒಂದು ಪಾಠ ಓದಿದ ಮೇಲೆ ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ತಿರುಗುಮುರುಗು. ಮತ್ತೆ ಓದಿದವರಿಗೆ ನೆನಪಿದ್ದದ್ದು 100ಕ್ಕೆ 42ರಷ್ಟು, ಮುಚ್ಚಿಟ್ಟು ಬರೆದವರಿಗೆ 56ರಷ್ಟು.

ಐದು ನಿಮಿಷದ ಫಲಿತಾಂಶವನ್ನೂ ಗಮನಿಸಿ. ಟೆಸ್ಟ್‌ಗೆ ಒಳಗೆ ಹೋಗುವ ಮುಂಚೆ ಕಾರಿಡಾರಿನಲ್ಲಿ ನಿಂತು ಓದಿದ್ದು ಕೆಲಸಕ್ಕೆ ಬರುತ್ತದೆ. ಅದಕ್ಕೇ ನಾವು ಆ ಅಭ್ಯಾಸ ಬಿಡುವುದಿಲ್ಲ. ವಾರ್ಷಿಕ ಪರೀಕ್ಷೆಗೆ ಅದು ಸಾಕಾಗುವುದಿಲ್ಲ, ಅಷ್ಟೇ.

ಹೈಲೈಟರ್ ಹಚ್ಚಿದರೆ ನೆನಪಿರುತ್ತಾ?

ಹೈಲೈಟರ್‌ಗೆ ನೆನಪಿರುತ್ತದೆ. ಹಚ್ಚಲೇಬೇಕು ಅನ್ನಿಸಿದರೆ ಎರಡನೇ ಸಲ ಓದುವಾಗ ಹಚ್ಚಿ, ಪುಟಕ್ಕೆ ಒಂದು ಸಾಲು ಮಾತ್ರ.

ಟಾಪರ್ ನೋಟ್ಸ್ ಜೆರಾಕ್ಸ್ ಸಿಗುತ್ತೆ, ಟೆಲಿಗ್ರಾಂನಲ್ಲಿ ಪಿಡಿಎಫ್ ಇದೆ. ನಾನ್ಯಾಕೆ ಬರೆಯಬೇಕು?

ಜೆರಾಕ್ಸ್ ತಪ್ಪಲ್ಲ. ಹುಷಾರಿಲ್ಲದೆ ಕ್ಲಾಸ್ ತಪ್ಪಿದರೆ ಇನ್ನೇನು ಮಾಡುತ್ತೀರಿ? ಆದರೆ ಆ ಟಾಪರ್‌ಗೆ ಅನುಕೂಲ ಆದದ್ದು ಆ ಹಾಳೆಗಳಿಂದಲ್ಲ. ಅದನ್ನು ಬರೆಯುವಾಗ ಯಾವುದು ಬೇಕು, ಯಾವುದು ಬೇಡ ಅಂತ ಯೋಚಿಸಿದ್ದರಿಂದ. ನೀವು ತಂದದ್ದು ಆ ಯೋಚನೆಯ ಸಿಪ್ಪೆ. ತಂದಿದ್ದರೆ ಒಂದು ಕೆಲಸ ಮಾಡಿ. ಅದರ ಪ್ರತಿ ಪ್ಯಾರಾ ಪಕ್ಕದಲ್ಲಿ ನಿಮ್ಮ ಕೈಯಲ್ಲಿ ಒಂದೊಂದು ಪ್ರಶ್ನೆ ಬರೆಯಿರಿ. ಆಗ ಅದು ಅರ್ಧ ನಿಮ್ಮದಾಗುತ್ತದೆ.

ಪಿಡಿಎಫ್ ವಿಷಯ ಬೇರೆ. ಫೋನಿನಲ್ಲಿ 40 ಪಿಡಿಎಫ್ ಇರುವ ಹುಡುಗರನ್ನು ನೋಡಿದ್ದೇನೆ. ಒಂದನ್ನೂ ತೆರೆದಿರುವುದಿಲ್ಲ, ಆದರೆ ಡೌನ್‌ಲೋಡ್ ಆದಾಗ ಓದಿ ಮುಗಿಸಿದಷ್ಟೇ ಸಮಾಧಾನ ಆಗಿರುತ್ತದೆ.

ಬೋರ್ಡ್ ಫೋಟೋ ತೆಗೆದುಕೊಂಡರೆ? ಟ್ಯಾಬ್, ಲ್ಯಾಪ್‌ಟಾಪ್‌ನಲ್ಲಿ ಬರೆದರೆ?

ಪಿಯು ಕಾಲೇಜುಗಳಲ್ಲಿ ಸಾಮಾನ್ಯವಾಗಿ ಫೋನ್ ಬಿಡುವುದಿಲ್ಲ. ಡಿಗ್ರಿಗೆ ಹೋದ ಮೇಲೆ ಈ ಪ್ರಶ್ನೆ ಬರುತ್ತದೆ. 2014ರಲ್ಲಿ ಮುಲ್ಲರ್, ಒಪನ್‌ಹೈಮರ್ ಅನ್ನುವವರು ಮಾಡಿದ ಅಧ್ಯಯನದಲ್ಲಿ ಲ್ಯಾಪ್‌ಟಾಪಿನವರು ಜಾಸ್ತಿ ಪದ ಟೈಪ್ ಮಾಡಿದ್ದರು. ಆದರೆ ಕೇಳಿದ್ದನ್ನು ಹಾಗೇ ಇಳಿಸಿದ್ದರು. ತಿಳಿವಳಿಕೆಯ ಪ್ರಶ್ನೆಗಳಲ್ಲಿ ಕೈಬರಹದವರೇ ಮುಂದೆ ಬಂದರು. ಆಮೇಲೆ ಬೇರೆಯವರು ಅದನ್ನೇ ಮಾಡಿ ನೋಡಿದಾಗ ವ್ಯತ್ಯಾಸ ಅಷ್ಟು ಖಡಾಖಂಡಿತವಾಗಿ ಕಾಣಲಿಲ್ಲ. ಹಾಗಾಗಿ ಪೆನ್ನಿಗೆ ಏನೋ ಮಾಯೆ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಬೋರ್ಡ್ ಪರೀಕ್ಷೆ ಬರೆಯುವುದು ಪೆನ್ನಿನಲ್ಲೇ, ಗಂಟೆಗಟ್ಟಲೆ ಕೂತು. ಕೈಗೆ ರೂಢಿ ಬೇಕಲ್ವಾ?

ಫೋಟೋ ತೆಗೆದರೆ ರಾತ್ರಿಯೊಳಗೆ ಪುಸ್ತಕಕ್ಕೆ ಇಳಿಸಿ, ಡಿಲೀಟ್ ಮಾಡಿ.

ಉರು ಹೊಡೆಯುವುದು ತಪ್ಪಾ?

ಮಗ್ಗಿ ಉರು ಹೊಡೆಯದೆ ಯಾರು ಲೆಕ್ಕ ಕಲಿತರು? ಪೀರಿಯಾಡಿಕ್ ಟೇಬಲ್ಲಿನ ಮೊದಲ 20 ಧಾತುಗಳು, ತ್ರಿಕೋನಮಿತಿಯ ಸೂತ್ರಗಳು, ಅಕೌಂಟೆನ್ಸಿಯ "ಡೆಬಿಟ್ ವಾಟ್ ಕಮ್ಸ್ ಇನ್", ಇವು ನಾಲಿಗೆ ತುದಿಯಲ್ಲೇ ಇರಬೇಕು. ತಪ್ಪಾಗುವುದು ಡೆರಿವೇಷನ್ ಉರು ಹೊಡೆದಾಗ. ನಡುವೆ ಒಂದು ಸಾಲು ಮರೆತರೆ ಇಡೀ ರೈಲು ಹಳಿ ತಪ್ಪುತ್ತದೆ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಯಾಕೆ ಹೋದೆವು ಅಂತ ಪಕ್ಕದಲ್ಲಿ ನಾಲ್ಕು ಪದ ಬರೆದುಕೊಂಡಿದ್ದರೆ ಆ ಪಾಡಿಲ್ಲ.

ಮ್ಯಾಥ್ಸ್, ಫಿಸಿಕ್ಸ್ ಪ್ರಾಬ್ಲಮ್‌ಗಳಿಗೆ ನೋಟ್ಸ್ ಹೇಗೆ?

ಬಿಡಿಸಿದ ಲೆಕ್ಕವನ್ನು ಫೇರ್ ಮಾಡುತ್ತಾ ಕೂರಬೇಡಿ. ಅದರ ಬದಲು ತಪ್ಪಿನ ಪುಸ್ತಕ ಅಂತ ಒಂದು ಇಡಿ. ತಪ್ಪಾದ ಪ್ರತಿ ಲೆಕ್ಕಕ್ಕೂ ಒಂದೇ ಸಾಲು: ಎಲ್ಲಿ ತಪ್ಪಿತು. "ಸೆಂಟಿಮೀಟರನ್ನು ಮೀಟರ್ ಮಾಡಲಿಲ್ಲ." "ಮೈನಸ್ ಚಿಹ್ನೆ ಬಿಟ್ಟೆ." "ಪ್ರಶ್ನೆಯಲ್ಲಿ ವ್ಯಾಸ ಕೊಟ್ಟಿದ್ದರು, ತ್ರಿಜ್ಯ ಅಂದುಕೊಂಡೆ." ಮೂರು ತಿಂಗಳಾದ ಮೇಲೆ ತಿರುವಿ ಹಾಕಿದರೆ ಗೊತ್ತಾಗುತ್ತದೆ, ನಾವು ಮಾಡುವುದು ನೂರು ತಪ್ಪಲ್ಲ, ನಾಲ್ಕೈದು ತಪ್ಪನ್ನೇ ನೂರು ಸಲ. ನನ್ನದು ಬಹುಪಾಲು ಯೂನಿಟ್ ತಪ್ಪುಗಳೇ. ಈಗಲೂ ಬೋರ್ಡ್ ಮೇಲೆ ಬರೆಯುವಾಗ ಹಿಂದಿನ ಬೆಂಚಿನವರು ಎಚ್ಚರಿಸುತ್ತಾರೆ.

ಬೋರ್ಡ್ ಪರೀಕ್ಷೆಗೆ, ಸಿಇಟಿಗೆ ಬೇರೆ ಬೇರೆ ನೋಟ್ಸ್ ಬೇಕಾ?

ಬೇಡ, ಆದರೆ ಅಭ್ಯಾಸ ಬೇರೆ ಇರಬೇಕು. ಕೆಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡ್. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಹೋಗುತ್ತದೆ, ಅಲ್ಲಿ ಸುಮ್ನೆ ಊಹೆ ಮಾಡುವ ಹಾಗಿಲ್ಲ. ನೋಟ್ಸ್ ಒಂದೇ ಇರಲಿ. ಪ್ರತಿ ಅಧ್ಯಾಯದ ಕೊನೆಗೆ ಒಂದು ಪುಟ ಬಿಟ್ಟು ಸೂತ್ರ, ಅದು ಯಾವಾಗ ಅನ್ವಯಿಸುವುದಿಲ್ಲ ಅನ್ನುವುದು, ಒಂದೆರಡು ಅಡ್ಡದಾರಿ, ಇಷ್ಟು ಬರೆದಿಡಿ.

ಸಿಇಟಿ ಇದೆ ಅಂತ ಬೋರ್ಡ್ ಪರೀಕ್ಷೆ ಹಗುರವಾಗಿ ತಗೊಳ್ಳುವವರಿಗೆ ಒಂದು ಮಾತು. ಎಂಜಿನಿಯರಿಂಗ್ ರ್‍ಯಾಂಕ್‌ಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ.

ಆರ್ಟ್ಸ್‌ನವರಿಗೂ ಇದೆಲ್ಲ ನಡೆಯುತ್ತಾ?

ಇನ್ನೂ ಚೆನ್ನಾಗಿ ನಡೆಯುತ್ತದೆ. ಇತಿಹಾಸದಲ್ಲಿ ಇಸವಿ ಉರು ಹೊಡೆಯುವ ಬದಲು ಇಸವಿಗಳನ್ನು ಒಂದಕ್ಕೊಂದು ಜಗಳಕ್ಕೆ ಬಿಡಿ. ದತ್ತು ಮಕ್ಕಳಿಗೆ ರಾಜ್ಯದ ಹಕ್ಕಿಲ್ಲ ಅನ್ನುವ ನೀತಿ ಅಂದಕೂಡಲೇ ಡಾಲ್‌ಹೌಸಿ ಹೆಸರು ಬರುತ್ತದೆ. ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ದತ್ತುವನ್ನು ಕಂಪನಿ ಒಪ್ಪದೆ ಚೆನ್ನಮ್ಮ ಯುದ್ಧಕ್ಕೆ ನಿಂತದ್ದು 1824ರಲ್ಲಿ. 24 ವರ್ಷ ಮುಂಚೆಯೇ ಅದು ಹೇಗೆ ನಡೆಯಿತು? ಈ ಪ್ರಶ್ನೆಯನ್ನು ಎಡಗಡೆ ಬರೆದಿಟ್ಟರೆ ಎರಡೂ ಇಸವಿ ತಾವಾಗಿಯೇ ನಿಲ್ಲುತ್ತವೆ. ಜೊತೆಗೆ, ಡಾಲ್‌ಹೌಸಿ ಆ ನೀತಿಯನ್ನು ಹುಟ್ಟಿಸಲಿಲ್ಲ, ಎಲ್ಲೆಡೆ ಬಿಗಿಯಾಗಿ ಹೇರಿದ ಅನ್ನುವ ಉತ್ತರವೂ ಸಿಗುತ್ತದೆ.

ದಿನಕ್ಕೆ ಎಷ್ಟು ಗಂಟೆ ಓದಬೇಕು? ನನಗೆ ಬಸ್ಸಿನಲ್ಲೇ ಎರಡು ಗಂಟೆ ಹೋಗುತ್ತೆ.

ಗಂಟೆ ಎಣಿಸುವುದಕ್ಕಿಂತ ಮುಚ್ಚಿ ಹೇಳಿದ ಪ್ರಶ್ನೆಗಳನ್ನು ಎಣಿಸಿ. ಬಸ್ಸು ವ್ಯರ್ಥ ಅಲ್ಲ, ನಿಂತುಕೊಂಡು ಹೋದರೂ ಜೇಬಿನಲ್ಲಿ 15 ಚೀಟಿ ಹಿಡಿಸುತ್ತವೆ. ಮನೆಯಲ್ಲಿ ಕೂತಾಗ 25 ನಿಮಿಷ ಓದಿ 5 ನಿಮಿಷ ಎದ್ದು ಓಡಾಡಿ. ಪೊಮೊಡೊರೊ ಅಂತ ಕರೆಯುವುದು ಇದನ್ನೇ. ಇಟಲಿಯ ಫ್ರಾನ್ಸೆಸ್ಕೊ ಚಿರಿಲೊ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದರಿಂದ ಆ ಹೆಸರು. ಆ 25 ನಿಮಿಷ ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಬೆಳಿಗ್ಗೆಯೋ ರಾತ್ರಿಯೋ ಅನ್ನುವುದು ನಿಮ್ಮಿಷ್ಟ, ನಿದ್ದೆ ಕಡಿಯಬೇಡಿ.

ನಾವು ಅಪ್ಪ ಅಮ್ಮ ಅಷ್ಟೇನು ಓದಿದವರಲ್ಲ. ಮಗಳು ಯಾವಾಗಲೂ ಬರೀತಾ ಇರ್ತಾಳೆ, ಮಾರ್ಕ್ಸ್ ಮಾತ್ರ ಬರ್ತಿಲ್ಲ. ನಾವೇನು ಮಾಡಬಹುದು ಸಾರ್?

ನಿಮ್ಮಿಂದಲೇ ಆಗುವ ಒಂದು ಕೆಲಸ ಇದೆ. ರಾತ್ರಿ ರೊಟ್ಟಿ ತಟ್ಟುವಾಗಲೋ ಮುದ್ದೆ ತಿರುವುವಾಗಲೋ "ಇವತ್ತು ಏನು ಪಾಠ ಆಯ್ತು, ನನಗೆ ಹೇಳು" ಅಂತ ಕೇಳಿ. ಪುಸ್ತಕ ಇಲ್ಲದೆ, ಕನ್ನಡದಲ್ಲಿ. ಅರ್ಥವಾಗದಿದ್ದರೆ "ಹಂಗಂದ್ರೇನು?" ಅನ್ನಿ. ನಿಮಗೆ ವಿಷಯ ಗೊತ್ತಿಲ್ಲದಿರುವುದೇ ಇಲ್ಲಿ ಅನುಕೂಲ, ಅವಳು ಬಿಡಿಸಿ ಹೇಳಲೇಬೇಕಾಗುತ್ತದೆ. ಎಲ್ಲಿ ತಡವರಿಸುತ್ತಾಳೋ ಅಲ್ಲಿ ಅವಳಿಗೆ ಪಾಠ ಬಂದಿಲ್ಲ. ಅದನ್ನು ನೀವು ತೋರಿಸಿಕೊಡಬೇಕಾಗಿಲ್ಲ, ಅವಳಿಗೇ ಗೊತ್ತಾಗುತ್ತದೆ. ಇನ್ನು ಅಂದದ ಅಕ್ಷರದಲ್ಲಿ ಮೂರು ಬಣ್ಣದ ಪೆನ್ನಿನಲ್ಲಿ ನೋಟ್ಸ್ ಮತ್ತೆ ಮತ್ತೆ ಫೇರ್ ಮಾಡುತ್ತಿದ್ದರೆ ಅದನ್ನು ಮೆಲ್ಲಗೆ ನಿಲ್ಲಿಸಿ. ಬಹುಶಃ ಹೊತ್ತೆಲ್ಲ ಅಲ್ಲಿಗೇ ಹೋಗುತ್ತಿದೆ.

ಈಗಾಗಲೇ ಡಿಸೆಂಬರ್. ಒಂದು ಪುಟ ನೋಟ್ಸೂ ಇಲ್ಲ. ಈಗ ಶುರು ಮಾಡಬಹುದಾ?

ಈಗ ನೋಟ್ಸ್ ಬರೆಯಲು ಹೋಗಬೇಡಿ, ಹೊತ್ತಿಲ್ಲ. ಬೋರ್ಡ್‌ನ ವೆಬ್‌ಸೈಟಿನಲ್ಲಿ ಹಳೇ ಮತ್ತು ಮಾದರಿ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಒಂದು ಪ್ರಿಂಟ್ ತೆಗೆಸಿ. ಪುಸ್ತಕ ಮುಚ್ಚಿಟ್ಟು ಬರುವಷ್ಟು ಬರೆಯಿರಿ. ಮೊದಲ ಸಲ 70ಕ್ಕೆ 12 ಬಂದರೂ ಹೆದರಬೇಡಿ. ಬಾರದ ಪ್ರಶ್ನೆಗಳಿಗೆ ಮಾತ್ರ ಪುಸ್ತಕ ತೆರೆದು, ಉತ್ತರದ ಮುಖ್ಯ ಅಂಶಗಳನ್ನು ನಾಲ್ಕು ಸಾಲಿನಲ್ಲಿ ಬರೆದಿಡಿ. ಮೂರು ದಿನ ಬಿಟ್ಟು ಅವೇ ಪ್ರಶ್ನೆಗಳನ್ನು ಮತ್ತೆ ಬರೆಯಿರಿ, ಆಮೇಲೆ ಎರಡನೇ ಪತ್ರಿಕೆ. ಐದಾರು ಪತ್ರಿಕೆ ಮುಗಿಯುವಷ್ಟರಲ್ಲಿ ಒಂದು ತೆಳ್ಳನೆಯ ಪುಸ್ತಕ ತುಂಬಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಅದೊಂದನ್ನೇ ತೆಗೆಯಿರಿ.